ಬಿಲ್ಲು ಅಣ್ಣನದು, ಬೆವರು ರೋಜಾಳದು

"ನನ್ನ ಕೇಳದೆ ನಮ್ಮಣ್ಣಂಗೆ ಫೋನ್ ಮಾಡೋಕೆ ನೀವ್ಯಾರ್ರೀ?"

ರೋಜಾಳ ದನಿಗೆ ಶಿಕಾರಿಪುರದ ಆ ತೆರಿಗೆ ಕಾಗದ ಬರೆದುಕೊಡುವ ಆಫೀಸಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ಅವಳಿಗೆ ನಾಚಿಕೆಪಡುವಷ್ಟು ಪುರುಸೊತ್ತಿರಲಿಲ್ಲ.

ಅವಳ ಕಾಗದ ಬರೆಯುತ್ತಿದ್ದ ಯತೀಶ ಕಂಪ್ಯೂಟರ್ ಬಿಟ್ಟು ಎದ್ದು ನಿಂತ. "ನಿಮಗೆ ಒಳ್ಳೇದಾಗ್ಲಿ ಅಂತ..."

"ನನ್ನ ಒಳ್ಳೇದನ್ನ ನನ್ನ ಹತ್ರ ಮಾತಾಡ್ರೀ. ನಿಮ್ಮ ಫೋನ್ ಬಂದಿದ್ದೇ ತಡ, ಅವನು ನನ್ನ ಉಣ್ಣೆ ತೆಗೆಯೋ ಮಷೀನನ್ನ ತನ್ನ ಕೋಣೆಗೆ ಹಾಕಿ ಬೀಗ ಜಡಿದಾನೆ. ಬಿಲ್ಲು ತನ್ನ ಹೆಸರಲ್ಲಿದೆ, ಮಷೀನೂ ತನ್ನದೇ ಅಂತಾನೆ. ಹೆಂಡ್ತಿ ತಮ್ಮಂಗೆ ಕೊಡ್ತಾನಂತೆ!"

ಯತೀಶ ತಲೆ ತಗ್ಗಿಸಿದ.

ರೋಜಾ ಸೊರಬ ತಾಲೂಕಿನ ಹೊಸಬಾಳೆಯವಳು, ಕುರಿ ಸಾಕುವ ಮನೆಯ ಹೆಣ್ಣು. ಕರೆಂಟಿನ ಮಷೀನಿನಿಂದ ಕುರಿಯ ಉಣ್ಣೆ ತೆಗೆಯುವುದನ್ನು ಕಲಿತಳು. ಹೆಂಗಸು ಕುರಿ ಕೆಡವಿ ಉಣ್ಣೆ ತೆಗೆಯುವುದೇ ಎಂದು ಗಂಡಸರು ನಕ್ಕರು. ನಕ್ಕವರೇ ಆಮೇಲೆ ತಮ್ಮ ಹಟ್ಟಿಗೆ ಕರೆದರು. ಮಷೀನಿಗೂ ಜನರೇಟರಿಗೂ ದುಡ್ಡು ಕಟ್ಟಿದ್ದು ಅವಳೇ, ಅವಳ ಖಾತೆಯಿಂದಲೇ.

ಬಿಲ್ಲು ಮಾತ್ರ ಅಣ್ಣ ನಾಗೇಶನ ಹೆಸರಿಗೆ. ಮಷೀನು ಕೊಂಡ ವಾರ ರೋಜಾಳ ಹೆಸರಿಗೆ ಬಲ ಇಲ್ಲ, ನಾಗೇಶನ ಹೆಸರಿಗೆ ಇದೆ ಎಂದು ಜೋಯಿಸರು ಹೇಳಿದ್ದರು. ಈ ಸೀಮೆಯಲ್ಲಿ ಬೈಕಾಗಲಿ ಟ್ರ್ಯಾಕ್ಟರಾಗಲಿ ಹೆಸರುಬಲ ನೋಡದೆ ಕೊಳ್ಳುವವರು ಕಡಿಮೆ. ಬಲ ಇದ್ದವನ ಹೆಸರಿಗೆ ಬರೆಸುತ್ತಾರೆ, ದುಡಿಯುವವರು ದುಡಿಯುತ್ತಾರೆ. ಒಂದೇ ಮನೆ, ಯಾರ ಹೆಸರಾದರೇನು ಎಂದುಕೊಂಡಿದ್ದಳು ರೋಜಾ.

ಏನಾಗುತ್ತದೆ ಎಂಬುದು ತೆರಿಗೆ ಕಾಗದ ಬರೆಸಲು ಬಂದಾಗ ತಿಳಿಯಿತು. ಸ್ವಂತ ಕಸುಬು ಶುರು ಮಾಡಿದವರು ಮಷೀನಿನ ಸವಕಳಿಯನ್ನು, ಅಂದರೆ ಸವೆದಂತೆ ವರ್ಷ ವರ್ಷ ಇಳಿಯುವ ಬೆಲೆಯನ್ನು, ವರಮಾನದಲ್ಲಿ ಕಳೆಯಬಹುದು, ಅಷ್ಟು ತೆರಿಗೆ ಹಗುರಾಗುತ್ತದೆ ಎಂದು ಯತೀಶ ಮೊದಲ ದಿನವೇ ಬಿಡಿಸಿ ಹೇಳಿದ್ದ. ಬಿಲ್ಲು ನೋಡಿದವನು ಇದರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ ಎಂದ. ಮಷೀನು ಕಾಗದದಲ್ಲಿ ಅವಳದಾಗಬೇಕು. ನಾಗೇಶ ಒಂದು ಪತ್ರಕ್ಕೆ ಸಹಿ ಹಾಕಿದರೆ ಅಂಗಡಿಯವರು ಬಿಲ್ಲು ಬದಲಿಸಿ ಕೊಡಲು ಒಪ್ಪಿದ್ದರು.

ಆ ಸಹಿಗೇ ಯತೀಶ ನಾಗೇಶನಿಗೆ ಫೋನ್ ಮಾಡಿದ್ದು. ಗಂಡಸು ಗಂಡಸಿನ ಹತ್ತಿರ ಮಾತಾಡಿದರೆ ಸಲೀಸು ಎಂಬ ಮೂರ್ಖತನ!

ರೋಜಾ ಕಾಗದಗಳನ್ನು ಬಾಚಿಕೊಂಡು ಹೊರಟುಬಿಟ್ಟಳು. ಬಸ್ಸಿನಲ್ಲಿ ಕೂತ ಮೇಲೆ ಕಣ್ಣು ತುಂಬಿತು. ಆಫೀಸಿಗೆ ಮೊದಲ ಸಲ ಹೋದಾಗ, ಮೈಗೆ ಅಂಟಿದ ಉಣ್ಣೆಯ ವಾಸನೆಗೆ ಅಂಜಿ ಅವಳು ದೂರ ಕೂತಿದ್ದಳು. ನಮ್ಮಪ್ಪನ ಕಂಬಳಿಯಲ್ಲೇ ಮಲಗಿ ಬೆಳೆದವನು ನಾನು, ಫ್ಯಾನಿನ ಕೆಳಗೆ ಬನ್ನಿ ಎಂದಿದ್ದ ಯತೀಶ. ಅಂದಿನಿಂದ ಆ ಆಫೀಸಿನ ಮೆಟ್ಟಿಲು ಹತ್ತುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.

'ಇವನೂ ಅಷ್ಟೇನಾ... ನನ್ನ ಮಾತನ್ನ ನಾನೇ ಆಡಬಲ್ಲೆ ಅಂತ ಇವನಿಗೂ ಅನ್ನಿಸಲಿಲ್ವಾ?'

ನಾಲ್ಕನೇ ದಿನ ಯತೀಶ ಕುಬಟೂರಿನ ಹಟ್ಟಿಯೊಂದಕ್ಕೆ ಹುಡುಕಿಕೊಂಡು ಬಂದ. ಒಪ್ಪಿಕೊಂಡ ಕೆಲಸ ಬಿಡಲಾರದೆ ರೋಜಾ ಹಳೆಯ ಕೈಕತ್ತರಿ ಹಿಡಿದಿದ್ದಳು. ಅಂಗೈಯ ಬೊಕ್ಕೆ ಒಡೆದಿತ್ತು. ಅವನು ಕುರಿಯ ಕಾಲು ಹಿಡಿದು ಕೂತ. ಆ ಕುರಿ ಮುಗಿಯಿತು, ಇನ್ನೊಂದೂ ಮುಗಿಯಿತು.

"ತಪ್ಪಾಯ್ತು ರೋಜಾ," ಎಂದ ಕೊನೆಗೆ. "ನಿಮಗೆ ಏನೋ ಒಂದು ಮಾಡಿ ತೋರಿಸಬೇಕು ಅನ್ನೋ ಆಸೆ. ನಿಮ್ಮ ಮೇಲೆ ಮನಸ್ಸಾಗಿದೆ... ಅದನ್ನ ಹೇಳೋ ಧೈರ್ಯ ಇರ್ಲಿಲ್ಲ. ನಿಮ್ಮಣ್ಣನ ಹತ್ರ ಮಾತಾಡೋ ಧೈರ್ಯ ಮಾತ್ರ ಬಂತು."

ಕತ್ತರಿ ನಿಂತಿತು. ಅವಳು ಅದನ್ನು ನೆಲಕ್ಕಿಟ್ಟಳು.

"ನಾಳೆ ನಮ್ಮನೆಗೆ ಬನ್ನಿ. ಮಾತು ಮಾತ್ರ ನಂದು."

ಮರುದಿನ ನಾಗೇಶನ ಮುಂದೆ ಪತ್ರ ಇಟ್ಟು ಅವಳೇ ಕೇಳಿದಳು. ನಾಗೇಶ ಅದನ್ನು ಮುಟ್ಟಲಿಲ್ಲ. ಮದುವೆಯಾಗಿ ಹೋಗುವವಳ ಹೆಸರಿಗೆ ಮನೆಯ ವಸ್ತು ಯಾಕೆ ಎಂದ. ಅವಳ ದುಡ್ಡು ಕಣೋ ಎಂದು ತಾಯಿ ವರದಮ್ಮ ಬಾಗಿಲ ಮರೆಯಿಂದ ಅಂದರೆ, ನೀನು ಒಳಗೆ ಹೋಗವ್ವ ಎಂದ. ಆಮೇಲೆ ಯತೀಶನ ಕಡೆ ತಿರುಗಿದ.

"ನೀನು ಕಟ್ಕೊಳ್ಳೋಕೆ ಬಂದಿದ್ದು ಇವಳನ್ನೋ, ಮಷೀನನ್ನೋ?"

ಯತೀಶನ ದವಡೆ ಬಿಗಿಯಿತು. ಆದರೆ ರೋಜಾಳ ಮುಖ ನೋಡಿ ಬಾಯಿ ತೆರೆಯಲಿಲ್ಲ. ಆ ಮೌನವನ್ನು ಅವಳು ಕಂಡಳು. ಅಷ್ಟು ಸಾಕಾಗಿತ್ತು ಅವಳಿಗೆ.

ಪತ್ರ ಮಡಿಸಿಕೊಂಡಳು. "ಮಷೀನು ನೀನೇ ಇಟ್ಕೋ ಅಣ್ಣ. ಕೆಲಸ ನನ್ನ ಕೈಲಿದೆ."

ಒಳಗೆ ಹೋಗಿ ಬಟ್ಟೆ ಚೀಲ ತಂದಳು. ಅವ್ವನ ಕಾಲು ಮುಟ್ಟಿದಳು. ಯತೀಶನ ಜೊತೆ ಅಂಗಳ ದಾಟಿದಳು.

"ಈ ವರ್ಷ ಸವಕಳಿ ಬರೀಬೇಡಿ," ಎಂದಳು ರೋಜಾ. "ಕಾಗದದಲ್ಲಿ ನಂದಲ್ಲದ್ದು ಬೇಡ. ಬರೋ ತೆರಿಗೆ ಕಟ್ತೀನಿ. ಹೊಸ ಮಷೀನು ತಗೊಂಡಾಗ ಬರೆಯೋಣ."

"ಬಿಲ್ಲು?"

"ನನ್ನ ಹೆಸರಿಗೆ."

"ನಾವು ಮದುವೆ ಆದ ಮೇಲೂ ಹಾಗೇ ಇರ್ಲಿ," ಎಂದ ಯತೀಶ, ಮೆಲ್ಲಗೆ.

ರೋಜಾ ನಿಂತಳು. ಒಡೆದ ಬೊಕ್ಕೆಯ ಕೈಯನ್ನು ಅವನ ಕೈಯಲ್ಲಿಟ್ಟಳು.

"ಮೆಲ್ಲಗೆ ಹಿಡೀರಿ. ಉರೀತದೆ."

ಇತ್ತ ನಾಗೇಶ ಜಗಲಿಯ ಮೇಲೆ ಕಾಲು ಚಾಚಿದ. ಹೋಗಿ ಎಲ್ಲಿಗೆ ಹೋಗ್ತಾಳೆ, ಹೊತ್ತು ಮುಳುಗೋದರೊಳಗೆ ಬರ್ತಾಳೆ ಬಿಡು ಎಂದ ಅವ್ವನಿಗೆ.

ವರದಮ್ಮ ಬಾಗಿಲಿಗೆ ಬಂದು ದಾರಿ ನೋಡಿದಳು. ಮಗಳ ನಡಿಗೆ ಅವಳಿಗೆ ಗೊತ್ತಿತ್ತು.

ರೋಜಾ ಅಂದು ಬರಲಿಲ್ಲ. ಆಮೇಲೂ ಬರಲಿಲ್ಲ.