ಹಾಲಕ್ಕನ ದಾರಿಯ ಕೆಂಪು ಚುಕ್ಕಿಗಳು

ಶುಕ್ರವಾರ ಬೆಳಿಗ್ಗೆ ಬೀದಿಯ ಕೊನೇ ಮನೆಯ ಮುಂದೆ ಹಾಲಿನ ಗಾಡಿ ಮಗುಚಿ ಬಿದ್ದಿತ್ತು. ಎರಡೂ ಟೈರು ಕೊಯ್ದಿದ್ದರು. ಮೇಲೊಂದು ರಟ್ಟು: 'ರೋಗ ಹಂಚಿದವಳು'.

"ಇನ್ನು ಯಾರು ಸಾರ್ ನನ್ ಕೈಯಿಂದ ಹಾಲು ತಗೋತಾರೆ?" ಎಂದಳು ಹಾಲಕ್ಕ. ಪೊಲೀಸ್ ಇನ್ಸ್‌ಪೆಕ್ಟರ್ ಗಾಡಿಯನ್ನು ಎತ್ತಿ ನಿಲ್ಲಿಸಿದರು.

ಕೊನೇ ಮನೆಯವರು ಬೀದಿ ಸಂಘದ ಅಧ್ಯಕ್ಷರು. ಸೋಂಕು ತಗುಲಿದ್ದರಿಂದ ಮಹಡಿಯಿಂದಲೇ ಕೂಗಿದರು. "ಗಾಡಿ ಯಾರು ಕೆಡವಿದ್ರೋ ಗೊತ್ತಿಲ್ಲ. ಆದ್ರೆ ಆರೋಗ್ಯ ಕಚೇರಿ ನಕ್ಷೆ ನೋಡಿ, ಎಲ್ಲಾ ಅದರಲ್ಲೇ ಇದೆ!"

* * *

ಆರೋಗ್ಯ ಕಚೇರಿಯ ನಕ್ಷೆಯಲ್ಲಿ ಸೋಂಕಿನ ಮನೆಗೊಂದರಂತೆ ಹನ್ನೊಂದು ಕೆಂಪು ಚುಕ್ಕಿ. ಬೀದಿಯ ಆರಂಭದ ಮನೆಗಳಿಗೆ ಸೋಮವಾರದ ತಾರೀಖು, ಕೊನೆಯವಕ್ಕೆ ಗುರುವಾರದ್ದು. ಥೇಟ್ ಹಾಲಕ್ಕನ ದಾರಿ.

"ಅವಳ ಪರೀಕ್ಷೆ ನೆಗೆಟಿವ್," ಎಂದರು ನಕ್ಷೆ ನೋಡಿಕೊಳ್ಳುವ ಮೇಡಂ.

"ಈ ತಾರೀಖುಗಳು ಜ್ವರ ಬಂದಿದ್ದಾ?"

"ಅಲ್ಲ, ಸ್ಯಾಂಪಲ್ ತೆಗೆದಿದ್ದು..." ಮೇಡಂ ಹಣೆ ಚಚ್ಚಿಕೊಂಡರು. "ನಮ್ಮ ವ್ಯಾನು ದಿನಕ್ಕೆ ಮೂರು ಮನೆಯಂತೆ ಆ ತುದಿಯಿಂದಲೇ ಬಂತು! ಇದು ರೋಗ ನಡೆದ ದಾರಿಯಲ್ಲ ಸಾರ್, ವ್ಯಾನ್ ನಡೆದ ದಾರಿ. ತಪ್ಪು ನಂದೇ."

ಮನೆಮನೆಗೆ ಫೋನು ಮಾಡಿದರು. ಜ್ವರ ಶುರುವಾದ ದಿನ ಯಾವುದು? ಅದಕ್ಕೆ ಮೊದಲು ಎಲ್ಲಿಗೆ ಹೋಗಿದ್ರಿ? ಚುಕ್ಕಿಗಳ ಸಾಲು ಕಲಸಿಹೋಯಿತು. ಮೊದಲು ಜ್ವರ ಬಂದ ಐವರೂ ಎರಡು ವಾರದ ಹಿಂದಿನ ಶನಿವಾರ ಒಂದೇ ಮನೆಯಲ್ಲಿ ಕೇರಂ ಆಡಿದ್ದರು. ಅಧ್ಯಕ್ಷರ ಮನೆಯಲ್ಲಿ!

"ಆದ್ರೆ ಅವರಿಗೆ ಜ್ವರ ಬಂದಿದ್ದು ಮೊನ್ನೆಯಂತೆ," ಎಂದರು ಮೇಡಂ.

"ಜ್ವರದ ಮಾತ್ರೆ ಕೊಂಡವರ ಹೆಸರು, ವಿಳಾಸ ಔಷಧಿ ಅಂಗಡಿಯವರು ದಿನಾ ಕಳಿಸ್ತಾರಲ್ಲ?"

ಪಟ್ಟಿ ತೆರೆದರು. ಅಧ್ಯಕ್ಷರ ಹೆಸರಿತ್ತು. ಕೇರಂ ಆಟದ ಹಿಂದಿನ ದಿನ, ಸಂಜೆ ಏಳು ಗಂಟೆ.

ಆಟಕ್ಕೆ ಪಕ್ಕದ ಬೀದಿಯ ಮುದುಕರೊಬ್ಬರೂ ಬಂದಿದ್ದರು. ಅವರ ಪರೀಕ್ಷೆಯೇ ಆಗಿರಲಿಲ್ಲ. ಆಂಬುಲೆನ್ಸ್ ಹೋದಾಗ ಉಸಿರಿಗೆ ಒದ್ದಾಡುತ್ತಿದ್ದರು. ಆಮ್ಲಜನಕ ಕೊಟ್ಟರು, ಜೀವ ಉಳಿಯಿತು.

* * *

"ಜ್ವರ ಮುಚ್ಚಿಟ್ಟು ಆಟಕ್ಕೆ ಕರೆದ್ರಿ. ಗೊತ್ತಾದ್ರೆ ಮರ್ಯಾದೆ ಹೋಗುತ್ತೆ ಅಂತ ಹಾಲಕ್ಕನ ತಲೆಗೆ ಕಟ್ಟಿದ್ರಿ," ಇನ್ಸ್‌ಪೆಕ್ಟರ್ ಬೀದಿಯಿಂದಲೇ ಕೂಗಿದರು. ಎಲ್ಲ ಕಿಟಕಿಗಳೂ ತೆರೆದವು.

"ಟೈರು ನಾನು ಕೊಯ್ದಿಲ್ಲ!"

ಪಕ್ಕದ ಕಿಟಕಿಯಿಂದ ಅಧ್ಯಕ್ಷರ ಹೆಂಡತಿ ಇಣುಕಿದರು. "ಬೆಳಿಗ್ಗೆಯಿಂದ ಈಳಿಗೆ ಹಿಂದಿನ ದೊಡ್ಡ ಚಾಕು ಹುಡುಕ್ತಿದೀನಿ. ಆ ರಟ್ಟೂ ನಮ್ಮ ಫ್ರಿಜ್ಜಿನ ಡಬ್ಬದ್ದೇ ಕಣ್ರೀ."

ಅಧ್ಯಕ್ಷರು ತಲೆ ತಗ್ಗಿಸಿದರು.

ಎದುರು ಮನೆಯಿಂದ ಯಾರೋ ಕೂಗಿದರು: "ಅಕ್ಕಾ, ನಾಳೆ ನಮಗೆ ಒಂದು ಲೀಟರು!"

"ಟೈರಿಲ್ಲವಲ್ಲಮ್ಮ..." ಹಾಲಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು. "ಇರಲಿ. ಹೊತ್ತುಕೊಂಡೇ ಬರ್ತೀನಿ."