ಗೊತ್ತಿದ್ದೂ ಕೇಳಿದ ಪ್ರಶ್ನೆ

ಮಂಗಳವಾರ ಮಧ್ಯಾಹ್ನ ಡಾಕ್ಟರಮ್ಮನಿಗೆ ಹಸಿವೇ ಆಗುವುದಿಲ್ಲ ಎಂಬುದು ಕ್ಲಿನಿಕ್ಕಿನ ನರ್ಸಕ್ಕನಿಗೆ ಎಂದೋ ಗೊತ್ತಾಗಿತ್ತು. ಅಂದು ಒಂದರಿಂದ ಎರಡು ಗಂಟೆಯವರೆಗೆ ದೂರದ ದೊಡ್ಡಾಸ್ಪತ್ರೆಯ ಮಕ್ಕಳ ಹೃದಯತಜ್ಞ ಸಣ್ಣ ಕ್ಲಿನಿಕ್ಕುಗಳ ಡಾಕ್ಟರುಗಳಿಗೆ ಫೋನಿನಲ್ಲೇ ಸಲಹೆ ಕೊಡುತ್ತಿದ್ದ. ಅವನ ಮುಖ ಡಾಕ್ಟರಮ್ಮ ಕಂಡಿರಲಿಲ್ಲ.

ಮೂರು ವರ್ಷದ ಹಿಂದೆ, ಮೊದಲ ಸಲ, "ಫೋನು ಡಾಕ್ಟರಿಗೆ ಕೊಡಮ್ಮ" ಎಂದಿದ್ದ.

"ಡಾಕ್ಟರೇ ಮಾತಾಡ್ತಿರೋದು. ನಿಮ್ಮ ಕಿವೀನೂ ಯಾರಿಗಾದ್ರೂ ತೋರಿಸ್ಕೊಳ್ಳಿ."

ಅವನು ನಕ್ಕ. ಆ ನಗುವಿಗೆ ಅವಳು ಅವತ್ತೇ ಸೋತಳು.

ಹೃದಯದಲ್ಲಿ ಬಡಿತದ ಜೊತೆಗೆ ಇನ್ನೊಂದು ಸದ್ದಿರುವ ಮಗುವನ್ನು ಮಲಗಿಸಿದಾಗ ಸದ್ದು ಜೋರಾಗಿ, ಕೂರಿಸಿದಾಗ ತಗ್ಗಿದರೆ ಸಾಮಾನ್ಯವಾಗಿ ಭಯವಿಲ್ಲ. ಇದನ್ನು ಅವನು ಒಮ್ಮೆ ಕಲಿಸಿದ್ದ. ಅವಳು ಮಾತ್ರ ವಾರವಾರವೂ ಏನೂ ತಿಳಿಯದವಳಂತೆ ಅದನ್ನೇ ಕೇಳಿದಳು. ಅವನೂ ಒಂದು ಮಾತಿನಲ್ಲಿ ಮುಗಿಯುವುದನ್ನು ಹತ್ತು ನಿಮಿಷ ಎಳೆದ, ನಡುವೆ ಊಟವಾಯಿತಾ ಎಂದು ವಿಚಾರಿಸಿದ.

ಆಮೇಲೆ ಆಸ್ಪತ್ರೆಯವರು ಲೆಕ್ಕ ಹಾಕಿದರು. ಈ ಕರೆಗಳಲ್ಲಿ ಅರ್ಧಕ್ಕರ್ಧ ತಜ್ಞರು ಬೇಕಿಲ್ಲದವು, ಅವುಗಳಲ್ಲಿ ಹೆಚ್ಚಿನವು ಒಂದೇ ಕ್ಲಿನಿಕ್ಕಿನವು. ಬರುವ ವಾರದಿಂದ ಲೈನ್ ಬಂದ್. ಇನ್ನು ಕಂಪ್ಯೂಟರಿನಲ್ಲಿ ಫಾರಂ ತುಂಬಬೇಕು, ಮೂರು ವಾರಕ್ಕೆ ಉತ್ತರ. ಸುತ್ತಲಿನ ಹನ್ನೊಂದು ಕ್ಲಿನಿಕ್ಕುಗಳಿಗೂ ಅಷ್ಟೇ. ಹೀಗೆಂದು ಬಂದ ಪತ್ರ ಓದಿ ಡಾಕ್ಟರಮ್ಮನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಕೊನೆಯ ಮಂಗಳವಾರ ಅವಳು ಎಲ್ಲವನ್ನೂ ಒಪ್ಪಿಕೊಂಡಳು.

"ನಿಮಗೆ ಗೊತ್ತು ಅಂತ ನನಗೂ ಗೊತ್ತಿತ್ತು," ಎಂದ ಅವನು. "ನಾನೂ ನಿಮ್ಮ ಫೋನಿಗೇ ಕಾಯ್ತಿದ್ದೆ. ತಪ್ಪು ಇಬ್ಬರದೂ."

ಆಮೇಲೆ ಅವನು ತನ್ನ ಸ್ವಂತ ನಂಬರ್ ಬರೆದುಕೊಳ್ಳಲು ಹೇಳಿದ. ರೋಗಿಗಳ ವಿಷಯ ಅದರಲ್ಲಿ ಎತ್ತುವ ಹಾಗಿಲ್ಲ, ಆಸ್ಪತ್ರೆಯವರು ಬರೆಸಿಕೊಂಡಿದ್ದಾರೆ, ಆದರೆ ನಮ್ಮಿಬ್ಬರ ಮಾತಿಗೆ ಅಡ್ಡಿಯಿಲ್ಲ ಎಂದ.

ಪೆನ್ನು ಅವಳ ಕೈಯಲ್ಲೇ ಇತ್ತು. ಎಷ್ಟು ಆಸೆಯಾಯಿತೆಂದರೆ ಕಣ್ಣು ತುಂಬಿಕೊಂಡಿತು.

"ಬೇಡ," ಎಂದಳು. "ಮಕ್ಕಳ ಕೈಯಿಂದ ನಿಮ್ಮ ಫೋನನ್ನ ಕಿತ್ಕೊಂಡಿದ್ದೀನಿ. ಅದನ್ನ ನಾನೊಬ್ಳೇ ಇಟ್ಕೊಂಡು ಹೇಗೆ ಸುಖವಾಗಿರಲಿ?"

ಅವನು ವಾದ ಮಾಡಲಿಲ್ಲ. "ಹಾಗಾದ್ರೆ ಕೊನೇದಾಗಿ ಒಂದು ಕೇಸ್ ಹೇಳಿ. ಗೊತ್ತಿರೋದನ್ನೇ."

"ಐದು ವರ್ಷದ ಹುಡುಗಿ. ಮಲಗಿಸಿದ್ರೆ ಜೋರು, ಕೂರಿಸಿದ್ರೆ ಕಮ್ಮಿ."

ಅವನು ಮೊದಲ ಸಲದಂತೆ ನಿಧಾನವಾಗಿ ಎಲ್ಲವನ್ನೂ ವಿವರಿಸಿದ. ಅವಳು ಪ್ರತಿ ಮಾತಿಗೂ ಹೂಂ ಅಂದಳು. ಎರಡು ಗಂಟೆಗೆ ಲೈನ್ ತಾನಾಗಿಯೇ ಕಡಿಯಿತು. ಅವನಿನ್ನೂ ಮಾತಾಡುತ್ತಲೇ ಇದ್ದ.

ಮುಂದಿನ ಮಂಗಳವಾರ ಒಬ್ಬ ತಾಯಿ ಎರಡು ತಿಂಗಳ ಮಗುವನ್ನು ಎತ್ತಿಕೊಂಡು ಬಂದಳು. ಹಾಲು ಕುಡಿಯುವಾಗ ಬೆವರುತ್ತದಂತೆ. ಡಾಕ್ಟರಮ್ಮ ಸ್ಟೆತಸ್ಕೋಪ್ ಇಟ್ಟು ಕೇಳಿದಳು, ಮತ್ತೆ ಕೇಳಿದಳು. ಇಂಥ ಸದ್ದು ಅವಳ ಕಿವಿಗೆ ಬಿದ್ದಿರಲೇ ಇಲ್ಲ. ಬಸ್ಸಿನಲ್ಲಿ ಐದು ಗಂಟೆ ದೂರದ ದೊಡ್ಡಾಸ್ಪತ್ರೆಗೆ ಈಗಲೇ ಹೊರಡಿ ಎಂದು ಚೀಟಿ ಬರೆಯತೊಡಗಿದಳು. ಮಗು ಅಷ್ಟು ದೂರ ತಡೆದೀತೇ, ದಾರಿಯಲ್ಲಿ ಏನು ನೋಡಿಕೊಳ್ಳಬೇಕು, ಯಾವುದೂ ಅವಳಿಗೆ ತಿಳಿಯದು.

ನರ್ಸಕ್ಕ ಗಡಿಯಾರ ನೋಡಿದಳು. ಒಂದೂ ಹತ್ತು. ಅಭ್ಯಾಸಬಲದಿಂದ ಫೋನನ್ನು ಮುಂದಕ್ಕೆ ಸರಿಸಿ, "ಕೇಳಲ್ವಾ ಡಾಕ್ಟರಮ್ಮ?" ಎಂದಳು.

ಈ ಸಲ ಡಾಕ್ಟರಮ್ಮನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.