ಕುದುರೆಯ ಜಾಗ

ಟಪ್ ಎಂದು ಅದು ಹಾಸಿಗೆಯ ಮೇಲೆ ಬಿತ್ತು.

ಜಾಹ್ನವಿಯ ಕೈ ಅಲ್ಲೇ ನಿಂತಿತು. ಬಿದ್ದದ್ದು ಕುದುರೆ. ಅಂದರೆ ಮ್ಯಾಂಡೊಲಿನ್ನಿನ ಎಂಟೂ ತಂತಿಗಳನ್ನು ಹೊತ್ತು ನಿಲ್ಲುವ ಪುಟ್ಟ ಮರದ ತುಂಡು.

"ಮುರಿದುಬಿಟ್ಯಾ?" ಬಾಗಿಲಲ್ಲಿದ್ದ ಅಣ್ಣ ಶ್ರೇಯಸ್ ಕೇಳಿದ.

"ಗೊತ್ತಿಲ್ಲ ಕಣೋ."

ಅವರಿದ್ದ ಕಡಲ ಪಕ್ಕದ ಗಾಜುವಾಕದ ಉಪ್ಪುಗಾಳಿಗೆ ತಂತಿಗಳು ಬೇಗ ತುಕ್ಕು ಹಿಡಿಯುತ್ತಿದ್ದವು. ಬದಲಾಯಿಸುವಾಗ ಒಂದೊಂದೇ ಬಿಚ್ಚು ಎಂದು ಅಮ್ಮಮ್ಮ, ಅಂದರೆ ಅಮ್ಮನ ಅಮ್ಮ ದುರ್ಗಾಂಬ, ಹೇಳಿದ್ದರು. ಬೇಗ ಮುಗಿಯಲಿ ಎಂದು ಜಾಹ್ನವಿ ಎಂಟನ್ನೂ ಬಿಚ್ಚಿದ್ದಳು.

ಅದು ನೂರು ವರ್ಷಕ್ಕೂ ಹಳೆಯ ಇಟಲಿ ಮ್ಯಾಂಡೊಲಿನ್. ಬೆನ್ನು ಅರ್ಧ ಪಪ್ಪಾಯಿಯಂತೆ ದುಂಡಗೆ. ಒಳಗೆ ಟಾರ್ಚ್ ಬಿಟ್ಟರೆ ಹಳದಿ ಚೀಟಿಯಲ್ಲಿ 'ನಾಪೋಲಿ, 1912' ಎಂದು ಕಾಣುತ್ತಿತ್ತು. ಅಮ್ಮಮ್ಮನ ತಂದೆ ಬಂದರಿನಲ್ಲಿ ಕೆಲಸಕ್ಕಿದ್ದಾಗ ಹಡಗಿನ ಅಡುಗೆಯವನೊಬ್ಬನಿಂದ ಕೊಂಡದ್ದಂತೆ.

"ನೋಡ್ಕೊಳ್ಳೋದು ಕಲಿತರೆ ನಿನ್ನ ಹತ್ರಾನೇ ಇರುತ್ತೆ. ಇಲ್ಲಾಂದ್ರೆ ವಾಪಸ್ ವಿಜಯವಾಡಕ್ಕೆ," ಎಂದು ಆರು ತಿಂಗಳ ಹಿಂದೆ ಅಮ್ಮಮ್ಮ ಕೊಟ್ಟಿದ್ದರು. ಭಾನುವಾರ ಅವರ ಎಪ್ಪತ್ತೈದನೇ ಹುಟ್ಟುಹಬ್ಬ. ಎಲ್ಲರ ಮುಂದೆ ನುಡಿಸಬೇಕು. ಅಂದೇ ತೀರ್ಮಾನ.

"ಡೋಂಟ್ ವರಿ, ಗ್ಲೂ ಇದೆ," ಎಂದ ಶ್ರೇಯಸ್. "ಮೊದ್ಲು ನೀಟಾಗಿ ಒರೆಸು. ಅಪ್ಪನ ಕನ್ನಡಕ ಅಂಟಿಸಿದ್ದು ಯಾರು ಹೇಳು?"

"ನೀನೇ. ನಿನ್ನ ಎರಡು ಬೆರಳನ್ನೂ ಸೇರಿಸಿ ಅಂಟಿಸ್ಕೊಂಡಿದ್ದೆ."

ಆದರೂ ಒರೆಸಿದಳು. ಕುದುರೆ ಕೂತಿದ್ದ ಜಾಗದ ಸುತ್ತ ಧೂಳಿನ ಗೆರೆಯಿತ್ತು. ಅದೂ ಹೋಯಿತು.

"ಎಲ್ಲಿಗೆ ಅಂಟಿಸ್ತೀಯ?"

"ಇಲ್ಲೇ ಎಲ್ಲೋ."

'ಎಲ್ಲೋ' ಎಂದದ್ದು ಕೇಳಿ ಜಾಹ್ನವಿ ಕುದುರೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಇನ್ನೊಂದು ಕೈಯಲ್ಲಿ ಅಮ್ಮಮ್ಮನಿಗೆ ಫೋನ್ ಮಾಡಿದಳು.

ಅತ್ತಲಿಂದ ವಿಜಯವಾಡದ ಬೆಂಜ್ ಸರ್ಕಲ್ಲಿನ ಹಾರನ್ನುಗಳು ಕೇಳಿಸಿದವು.

"ಅಮ್ಮಮ್ಮಾ, ತಪ್ಪು ಮಾಡಿದೆ. ಎಂಟೂ ತಂತಿ ಒಟ್ಟಿಗೆ ಬಿಚ್ಚಿದೆ. ಕುದುರೆ ಬಿತ್ತು."

ಹಾರನ್ನುಗಳ ಮೇಲೆ ದನಿಯೆತ್ತಿ ಅಮ್ಮಮ್ಮ ಕೇಳಿದರು.

"ಅಂಟಿಸಿದ್ಯಾ?"

"ಇಲ್ಲ. ಶ್ರೇಯಸ್ ಗ್ಲೂ ಹಿಡ್ಕೊಂಡು ನಿಂತಿದಾನೆ."

"ಆ ಮಹಾನುಭಾವನ್ನ ಮೊದಲು ಆಚೆ ಕಳಿಸು. ಅದನ್ನ ಯಾವತ್ತೂ ಅಂಟಿಸೋದಿಲ್ಲ ಬಂಗಾರೂ. ತಂತಿ ಬಿಗಿಯಾದ್ರೆ ತಾನೇ ನಿಲ್ಲುತ್ತೆ. ಜಾಗ ಮಾತ್ರ ನೀನೇ ಹುಡುಕ್ಬೇಕು. ಸ್ಕೇಲ್ ತಗೋ."

ತಂತಿ ಶುರುವಾಗುವ ಮೇಲಿನ ಪಟ್ಟಿಯಿಂದ, ಕತ್ತಿನುದ್ದಕ್ಕೂ ಅಡ್ಡಲಾಗಿದ್ದ ಲೋಹದ ಮೆಟ್ಟುಗಳಲ್ಲಿ ಹನ್ನೆರಡನೆಯದಕ್ಕೆ ಹದಿನಾರೂವರೆ ಸೆಂಟಿಮೀಟರ್. ಅಲ್ಲಿಂದ ಮತ್ತೆ ಅಷ್ಟೇ ಅಳೆದು ಜಾಹ್ನವಿ ಕುದುರೆಯಿಟ್ಟಳು, ಎರಡು ತಂತಿ ಬಿಗಿದಳು.

"ಈಗ ಹನ್ನೆರಡನೇ ಮೆಟ್ಟಿನ ಮೇಲೆ ತಂತೀನ ಬರೀ ಮುಟ್ಟಿ ಮೀಟು. ಆಮೇಲೆ ಒತ್ತಿ ಮೀಟು. ಎರಡೂ ಒಂದೇ ಸ್ವರ ಬರ್ಬೇಕು."

ಟಿಂಗ್. ಟಿಂಗ್.

"ಒಂದೇ ಅಲ್ವಾ?" ಬಾಗಿಲಾಚೆಯಿಂದ ಶ್ರೇಯಸ್.

"ಅಲ್ಲ. ಒತ್ತಿದ್ದು ಒಂಚೂರು ಮೇಲಿದೆ."

"ನನಗೆ ಫೋನಲ್ಲಿ ಅಷ್ಟು ತಿಳಿಯೋಲ್ಲಮ್ಮ," ಎಂದರು ಅಮ್ಮಮ್ಮ. "ಮೇಲಿದ್ರೆ ತಂತಿ ಸಡಿಲ ಮಾಡಿ ಕುದುರೇನ ಹಿಂದಕ್ಕೆ ಸರಿಸು. ನಿನ್ನ ಕಿವಿ ಹೇಳಿದ ಹಾಗೆ ಮಾಡು. ಇಡ್ತೀನಿ."

ಹಿಂದಕ್ಕೆ ಸರಿಸಿದಳು. ಹೆಚ್ಚಾಯಿತು. ಮುಂದಕ್ಕೆ. ಅಮ್ಮ ಊಟಕ್ಕೆ ಎರಡು ಸಲ ಕರೆದರು. ಕೊನೆಗೊಮ್ಮೆ ಎರಡು ಟಿಂಗ್‌ಗಳೂ ಒಂದರೊಳಗೊಂದು ಕೂತವು. ಜಾಹ್ನವಿ ಉಳಿದ ಆರು ತಂತಿಗಳನ್ನೂ ಬಿಗಿದಳು.

ಭಾನುವಾರ ವಿಜಯವಾಡದ ಮನೆಯ ಹಾಲ್ ತುಂಬ ನೆಂಟರು. ಜಾಹ್ನವಿ ಮತ್ತೆ ಮತ್ತೆ ಮೀಟಿ ನೋಡಿದಳು. ರೈಲಿನ ಕುಲುಕಾಟಕ್ಕೋ ಏನೋ, ಕುದುರೆ ಕೂದಲೆಳೆಯಷ್ಟು ಜರುಗಿತ್ತು.

"ಏಮ್ಮಾ, ರೈಲು ಇನ್ನೂ ಸ್ಟೇಷನ್ ಬಿಟ್ಟಿಲ್ವಾ?" ಎಂದರು ಅಮ್ಮನ ಅಣ್ಣ ರಾಮ್‌ಪ್ರಸಾದ್ ಮಾವಯ್ಯ. ಎಲ್ಲರೂ ನಕ್ಕರು.

ಅವಳು ಅಮ್ಮಮ್ಮನತ್ತ ನೋಡಿದಳು. ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕದಲದೆ ಕೂತಿದ್ದರು. ಜಾಹ್ನವಿ ನಿಧಾನವಾಗಿ ತಂತಿ ಸಡಿಲಿಸಿದಳು, ಸರಿಸಿದಳು, ಬಿಗಿದಳು, ಮತ್ತೆ ಕಿವಿಗೊಟ್ಟಳು. ಸರಿಯಾಯಿತು.

ಆಮೇಲೆ ನುಡಿಸಿದಳು. ಕೊನೆಯ ಸ್ವರ ಮುಗಿದಾಗ ಶ್ರೇಯಸ್ ಶಿಳ್ಳೆ ಹೊಡೆದ, ಚಪ್ಪಾಳೆ ಪಕ್ಕದ ಫ್ಲ್ಯಾಟಿಗೂ ಕೇಳಿಸಿತು.

ಬಜ್ಜಿ ತಿನ್ನುತ್ತಿದ್ದ ಮಾವಯ್ಯ ಎದ್ದು ಬಂದರು. "ಅಮ್ಮಾ, ನಾನೊಂದು ಸಲ ಮೀಟಿ ನೋಡ್ಲಾ?"

"ನನ್ನನ್ಯಾಕೆ ಕೇಳ್ತೀಯ?" ಎಂದರು ಅಮ್ಮಮ್ಮ. "ಅದರ ಯಜಮಾನಿ ಅಲ್ಲಿ ಕೂತಿದಾಳೆ."

ಮಾವಯ್ಯ ತಿರುಗಿದರು. ಅವರು ಯಾರತ್ತ ನೋಡುತ್ತಿದ್ದಾರೆಂದು ತಿಳಿಯಲು ಜಾಹ್ನವಿಗೆ ಒಂದು ಕ್ಷಣ ಹಿಡಿಯಿತು. ಅವಳು ಮ್ಯಾಂಡೊಲಿನ್ನನ್ನು ಎದೆಗೊತ್ತಿಕೊಂಡು ಅವರ ಎಣ್ಣೆ ಬೆರಳುಗಳನ್ನು ನೋಡಿದಳು.

"ಕೈ ತೊಳ್ಕೊಂಡು ಬನ್ನಿ ಮಾವಯ್ಯ."

ಮಾವಯ್ಯ ತೆಪ್ಪಗೆ ಬಚ್ಚಲಮನೆಯ ಕಡೆ ನಡೆದರು.